ಪಿಂಗಾಣಿಯ ಕಿವಿ

ಗಿರಾಕಿಯಮ್ಮ ಕೇಳಿದ್ದು ಎಲ್ಲಕ್ಕಿಂತ ಮೇಲಿನ ಹಲಗೆಯ ಹೂಜಿಯನ್ನು. ಕೆಳಗಿನ ಹಲಗೆಯದನ್ನು ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಗಾಜು, ಪಿಂಗಾಣಿ ಸಾಮಾನಿನ ಅಂಗಡಿಯ ಆ ಕೆಲಸಗಾರನನ್ನು ಬೀದಿಯವರೆಲ್ಲ ಪಿಂಗಾಣಿ ಎಂದೇ ಕರೆಯುತ್ತಿದ್ದರು. ಕೆಲವು ದಿನಗಳಿಂದ ಅವನು ಕತ್ತೆತ್ತಿ ಬಲಕ್ಕೆ ನೋಡಿದರೆ ಸಾಕು, ಲೋಕವೆಲ್ಲ ಬುಗುರಿಯಾಗುತ್ತಿತ್ತು. ಹೇಳಿದರೆ ಎಲ್ಲಿ ಕೆಲಸ ಹೋದೀತೋ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದ. ಇವತ್ತು ಕತ್ತೆತ್ತಿದ. ಹೂಜಿ ಸುತ್ತಿತು, ಹಲಗೆ ಸುತ್ತಿತು, ಗಿರಾಕಿಯಮ್ಮನ ಮೂಗೂ ಸುತ್ತಿತು. ಆಸರೆಗೆಂದು ಅವನು ಹಿಡಿದದ್ದು ತಟ್ಟೆಗಳ ರಾಶಿಯನ್ನು.

ಸದ್ದು ಅಡಗಿದ ಮೇಲೆ ಮಾಲೀಕರು ಬಂದರು.

"ಬೆಳಬೆಳಗ್ಗೇನೇ ಹಾಕ್ಕೊಂಡು ಬಂದಿದ್ದೀಯೇನೋ?"

"ಅಯ್ಯೋ ಇಲ್ಲ ಧಣಿ! ತಲೆಸುತ್ತು. ನಿಮ್ಮಾಣೆಗೂ ಕಾಯಿಲೆ."

"ಎಲ್ಲ ಕುಡುಕರೂ ಹಾಗೇ ಹೇಳೋದು. ಸಂಜೆ ಡಾಕ್ಟ್ರ ಬಾಯಿಂದ ನಾನೇ ಕೇಳ್ತೀನಿ. ಅವರು ಕಾಯಿಲೆ ಅಂದ್ರೆ ಕೆಲಸ ಇದೆ. ಇಲ್ಲಾಂದ್ರೆ ನಾಳೆ ಈ ಕಡೆ ತಲೆ ಹಾಕ್ಬೇಡ."

ಅವನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಪಕ್ಕದ ಮನೆಯ ರೇಡಿಯೊ ಅತ್ತೆ ಬಾಗಿಲಲ್ಲೇ ನಿಂತಿದ್ದಳು.

"ಕುಡಿಯೋದೇ ಆದ್ರೆ ಮನೇಲಿ ಕುಡಿಯಪ್ಪ. ಅಂಗಡೀಲಿ ಯಾಕೆ?"

"ಕುಡಿದಿಲ್ಲ ಅತ್ತೆ!"

"ಕುಡಿದೋರು ಯಾರು ಒಪ್ಕೊಂಡಿದ್ದಾರೆ, ಹೇಳು?"

ಹೆಂಡತಿ ಅವನನ್ನು ಒಳಗೆಳೆದುಕೊಂಡಳು. "ಆಚೆ ರಸ್ತೇಲಿ ಕಿವಿ ಸಂಶೋಧನಾ ಕೇಂದ್ರ ಇದೆಯಲ್ಲ, ತಲೆ ಸುತ್ತೋರು ಬೇಕು ಅಂತ ಬೋರ್ಡೇ ಹಾಕಿದ್ದಾರೆ. ಅಲ್ಲಿಗೆ ಹೋಗಿ. ಧಣಿಗೂ ಅಲ್ಲಿಗೇ ಬರೋಕೆ ಹೇಳಿ ಕಳಿಸ್ತೀನಿ. ಮೊದ್ಲು ಆ ಗಡ್ಡ ತೆಗೆಸ್ಕೊಳ್ಳಿ. ಈ ಅವತಾರದಲ್ಲಿ ಹೋದ್ರೆ ಡಾಕ್ಟ್ರೂ ಕುಡುಕ ಅಂತಾರೆ."

ಬೀದಿಯ ಕ್ಷೌರಿಕನಿಗೆ ಒಂದು ವ್ರತವಿತ್ತು. ಗಡ್ಡ ಮುಗಿದ ಮೇಲೆ ಕತ್ತಿನ ಲಟಿಕೆ ಮುರಿಯದೆ ಯಾರನ್ನೂ ಕುರ್ಚಿಯಿಂದ ಏಳಿಸುತ್ತಿರಲಿಲ್ಲ.

"ಬೇಡಣ್ಣ, ತಲೆ ಸುತ್ತುತ್ತೆ!"

"ಸುತ್ತೋ ತಲೇನ ಸರಿ ಮಾಡೋಕೇ ಅಲ್ವೇನೋ ನಾನಿರೋದು?"

ಕುರ್ಚಿ ಹಿಂದಕ್ಕೆ ಮಲಗಿತು. ಕ್ಷೌರಿಕ ತಲೆಯನ್ನು ಬಾಟಲಿಯ ಮುಚ್ಚಳದಂತೆ ಬಲಕ್ಕೆ ತಿರುಗಿಸಿ ಹಿಡಿದು ಊರ ಸುದ್ದಿಯೆಲ್ಲ ಹೇಳಿದ. ಆಮೇಲೆ ಎಡಕ್ಕೆ ತಿರುಗಿಸಿ ಪಕ್ಕದೂರಿನದನ್ನು ಹೇಳಿದ. ಕೊನೆಗೆ ಒಂದೇ ಏಟಿಗೆ ಎಬ್ಬಿಸಿ ಕೂರಿಸಿದ. ಪಿಂಗಾಣಿಗೆ ಸತ್ತು ಹುಟ್ಟಿದ ಹಾಗಾಯಿತು. ಕಣ್ಣು ಬಿಟ್ಟರೆ ಎಲ್ಲವೂ ನಿಶ್ಚಲ. ಹೆದರುತ್ತಲೇ ಕತ್ತೆತ್ತಿ ಬಲಕ್ಕೆ ನೋಡಿದ. ಮೂಲೆಯ ಜೇಡ ಕೂಡ ಇದ್ದಲ್ಲೇ ಇತ್ತು!

ಕೇಂದ್ರದ ದೊಡ್ಡ ಡಾಕ್ಟರು ಅವನನ್ನು ಮದುಮಗನಂತೆ ಬರಮಾಡಿಕೊಂಡರು. ಅವರ ಬಳಿ ಸಂಶೋಧನೆಗೆ ಯಂತ್ರಗಳು ಕೋಣೆ ತುಂಬ ಇದ್ದವು, ರೋಗಿಗಳು ಮಾತ್ರ ಇರಲಿಲ್ಲ. ಕಣ್ಣಿಗೆ ದಪ್ಪ ಕನ್ನಡಕ ಕಟ್ಟಿ, ಅವನನ್ನು ಹಿಂದಕ್ಕೆ ಮಲಗಿಸಿ ತಲೆ ತಿರುಗಿಸಿದರು. ಡಾಕ್ಟರ ಮುಖ ಸಪ್ಪಗಾಯಿತು.

"ಕಿವಿಯೊಳಗೆ ಮರಳಿನಂಥ ಸಣ್ಣ ಹರಳುಗಳಿರ್ತವೆ. ಜಾಗ ತಪ್ಪಿದ್ರೆ ತಲೆ ಸುತ್ತುತ್ತೆ. ನಿಮ್ಮವು ನೆಟ್ಟಗಿವೆಯಲ್ರೀ! ಯಾರು ಕೂರಿಸಿದ್ದು?"

"ಕ್ಷೌರಿಕ, ಸಾರ್."

ಡಾಕ್ಟರು ತಮ್ಮ ಯಂತ್ರಗಳನ್ನು ಒಮ್ಮೆ ನೋಡಿದರು. "ಈ ಮಾತು ಹೊರಗೆಲ್ಲೂ ಬೇಡ."

"ಸಾರ್, ನಮ್ಮ ಧಣಿ ಬರ್ತಾರೆ. ಕಾಯಿಲೆ ಇದೆ ಅಂತ ಒಂದು ಮಾತು ಹೇಳಿ. ಇಲ್ಲಾಂದ್ರೆ ಕೆಲಸ ಹೋಗುತ್ತೆ."

"ಇಲ್ಲದ ಕಾಯಿಲೇನ ಇದೆ ಅನ್ನೋಕೆ ನಾನೇನು ಜ್ಯೋತಿಷಿಯೇ? ಆದ್ರೂ ಬಂದೋರು ಬಂದಿದ್ದೀರಿ. ಹೋಲಿಸಿ ನೋಡೋಕೆ ಆರೋಗ್ಯವಂತರೂ ಬೇಕು. ಆ ಕುರ್ಚೀಲಿ ಕೂತ್ಕೊಳ್ಳಿ. ಧಣಿಗಳ ಹತ್ರ ನಾನು ಮಾತಾಡ್ತೀನಿ."

ಆ ಕೊನೆಯ ಮಾತಿಗೆ ಮರುಳಾಗಿ ಪಿಂಗಾಣಿ ಕುಳಿತ. ನರ್ಸಮ್ಮ ತಂತಿ ಅಂಟಿಸಲು ಹಣೆಗೆ ಸ್ಪಿರಿಟ್ ಒರೆಸಹೋಗಿ ಅರ್ಧ ಬಾಟಲಿಯನ್ನು ಅಂಗಿಯ ಮೇಲೆ ಚೆಲ್ಲಿದಳು. ಕುರ್ಚಿ ಗಿರಗಿರನೆ ಸುತ್ತಿತು. ಗಾಣದ ಎತ್ತಾದರೂ ಅಷ್ಟು ಸುತ್ತಿರಲಾರದು.

ಬಾಗಿಲು ತೆರೆದಾಗ ವರಾಂಡದಲ್ಲಿ ಮಾಲೀಕರು ಕಾದಿದ್ದರು. ಪಿಂಗಾಣಿ ಎಡಗೋಡೆಗೆ ಡಿಕ್ಕಿ ಹೊಡೆದ, ಬಲಗೋಡೆಗೆ ಡಿಕ್ಕಿ ಹೊಡೆದ, ಕೊನೆಗೆ ಧಣಿಯನ್ನೇ ಕಂಬವೆಂದು ತಬ್ಬಿಕೊಂಡ. ಮಾಲೀಕರು ಅಂಗಿ ಮೂಸಿ, ಮೂಗು ಮುಚ್ಚಿಕೊಂಡರು.

"ಡಾಕ್ಟ್ರೇ, ಇವನಿಗೇನು ಕಾಯಿಲೆ?"

ಕೊಟ್ಟ ಮಾತಿನಂತೆ ಡಾಕ್ಟರು ಹೆಮ್ಮೆಯಿಂದ ಮಾತಾಡಿದರು. "ಕಾಯಿಲೆಯೇ? ಛೆ ಛೆ! ಇಂಥ ಆರೋಗ್ಯವಂತನನ್ನ ನಾನು ನೋಡೇ ಇಲ್ಲ."

ಪಿಂಗಾಣಿ ಗೋಡೆ ಹಿಡಿದುಕೊಂಡು ಮನೆಯತ್ತ ಹೊರಟ. ಕ್ಷೌರಿಕ ಅಂಗಡಿಯಿಂದಲೇ ಕೂಗಿದ.

"ಏನಪ್ಪಾ, ತಲೆಸುತ್ತು ನಿಂತಿತಾ?"

"ನಿಂತಿತಣ್ಣ. ಅದರ ಜೊತೆ ಸಂಬಳವೂ ನಿಂತಿತು."