ನೀರಾಗ ಅದ್ದಿದ ಹಾಳಿ

"ಸೋಮವಾರ ಸಾಲಿ ಗ್ಯಾದರಿಂಗಿನ್ಯಾಗ ಎಲ್ಲಾರ ಮುಂದ ಎದ್ದು ನಿಂತು ಕೇಳೇ ಬಿಡ್ತೇನಿ! ಆ ಕಲಿಸೂ ಅಕ್ಕೋರು ನೀರು ಕುಡೀಬೇಕು, ಹಂಗ ಕೇಳ್ತೇನಿ!" ಅಂತ ಉಳವಪ್ಪ ಚಹಾದ ಗ್ಲಾಸು ನೆಲಕ್ಕ ಕುಕ್ಕಿದ. ಗ್ಲಾಸು ಒಡೀಲಿಲ್ಲ, ಸ್ಟೀಲಿಂದಿತ್ತು. ಸಪ್ಪಳ ಮಾತ್ರ ಬಾಜೂ ಮನಿಗೂ ಕೇಳಿಸ್ತು.

"ಏನು ಕೇಳ್ತೀರಿ?" ಅಂದ್ಲು ಹೆಂಡತಿ ಮಾಲವ್ವ. ಆಕೀ ಕೈ ರೊಟ್ಟಿ ಬಡಿಯೂದು ನಿಲ್ಲಿಸಲಿಲ್ಲ. ಗಂಡನ ಇಂಥಾ ಭೀಷ್ಮಪ್ರತಿಜ್ಞೆ ಮದುವಿ ಆದಾಗಿಂದ ಕೇಳಿದಾಕಿ ಆಕಿ.

"ಮಾರ್ಕ್ಸ್ ಎಲ್ಲಿ ಅಂತ ಕೇಳ್ತೇನಿ! ಪುಸ್ತಕ ಎಲ್ಲಿ ಅಂತ ಕೇಳ್ತೇನಿ! ಹಳಿಯಾಳದಿಂದ ಶಿಕ್ಷಣ ಇಲಾಖೆ ಸಾಹೇಬ್ರು ಬರಾಕತ್ತಾರ, ಅವ್ರ ಎದರಿಗೇ ಕೇಳ್ತೇನಿ. ಉತ್ತರಾ ಸರಿ ಬರ್ಲಿಲ್ಲಂದ್ರ ಜೂನ್ ತಿಂಗಳದಾಗ ಹುಡುಗಿ ಹೆಸರು ತಗಸಿ ಕಾನ್ವೆಂಟಿಗೆ ಹಾಕ್ತೇನಿ. ಮುಗೀತು!"

ಮೂಲ್ಯಾಗ ಕುಂತು ಉಣ್ಣಾಕತ್ತಿದ್ದ ಮಗಳು ಸ್ವಪ್ನಾ ಕೈಯಾಗಿನ ತುತ್ತು ತಾಟಿಗೆ ಹಾಕಿ ಎದ್ದು ಹೋದ್ಲು. ಮೂರನೇತ್ತಾ ಓದೂ ಹುಡುಗಿ ಆಕಿ.

ಉಳವಪ್ಪನ ಸಿಟ್ಟು ಸುಮ್ಮನ ಬಂದದ್ದಲ್ಲ, ಬಿಡ್ರಿ. ದಾಂಡೇಲಿ ಅಂದ್ರ ಕಾಗದಾ. ಮಿಲ್ಲಿನ ಭೋಂಗಾ ಕೂಗಿದ್ರ ಏಳೂದು, ಭೋಂಗಾ ಕೂಗಿದ್ರ ಉಣ್ಣೂದು. ಎಲ್ಲೆಲ್ಲಿದೋ ಹುಡುಗೂರು ಬರಿಯೂ ಹಾಳಿ ಇಲ್ಲಿಂದ ಲಾರಿ ಹತ್ತಿ ಹೋಗ್ತಾವು. ಅಂಥಾ ಊರಾಗ, ಅದೂ ಮಿಲ್ಲಿನ ಫಿನಿಶಿಂಗ್ ಹೌಸಿನ್ಯಾಗ ದುಡಿಯಾವನ ಮಗಳು, ಪುಸ್ತಕನ ಇಲ್ಲದ ಸಾಲಿಗೆ ಹೋಗೂದಂದ್ರ ಏನು! ಮಂದಿ ಮುಂದ ಹೇಳಾಕರ ಬರತೈತೇನು?

ಸಾಲಿ ಇದ್ದದ್ದು ಹಳೇ ಕಟಗಿ ಡಿಪೋದ ಶೆಡ್ಡಿನ್ಯಾಗ. ನಡಸಾವ್ರು ಯಾವುದೋ ಟ್ರಸ್ಟಿನವ್ರು, ರೊಕ್ಕಾ ಸರಕಾರದ್ದು, ಪದ್ಧತಿ ಮಾತ್ರ ಜರ್ಮನ್ ದೇಶದ್ದು. ಅಲ್ಲಿ ಹುಡುಗೂರು ಮಗ್ಗಿ ಬಾಯಿಪಾಠ ಮಾಡೂದಿಲ್ಲ, ಚಪ್ಪಾಳಿ ಹೊಡಕೋತ ಕುಣೀತಾವು. ಗಂಡುಹುಡುಗೂರೂ ಸೂಜಿ ಹಿಡದು ಉಲನ್ ಹೆಣೀತಾವು. ಬೀಸೂಕಲ್ಲು ಇಟ್ಟಾರ, ಅದರಾಗ ಜ್ವಾಳಾ ಬೀಸತಾವು. "ಬೀಸೂದು ಕಲಿಯಾಕ ಸಾಲಿ ಯಾಕ ಬೇಕು? ನಮ್ಮವ್ವ ಯಾವ ಸಾಲಿಗೆ ಹೋಗಿದ್ಲು?" ಅಂತ ಉಳವಪ್ಪ ಕೇಳೂದು. ಪರೀಕ್ಷಾ ಅಂಬೋದಿಲ್ಲ, ನಂಬರ್ ಅಂಬೋದಿಲ್ಲ, ಪಾಸಿಲ್ಲ, ನಪಾಸಿಲ್ಲ. ಜೋಡಿ ಕೆಲಸಾ ಮಾಡೂ ಸಾತಪ್ಪ "ನನ್ನ ಮಗ ಕ್ಲಾಸಿಗೆ ಎರಡನೇ ನಂಬರು!" ಅಂತ ಧಾರವಾಡ ಪೇಡೆ ಹಂಚಿದಾಗ ಉಳವಪ್ಪ ಏನು ಹೇಳಬೇಕು? "ನನ್ನ ಮಗಳು ಕಾಲಚೀಲಾ ಹೆಣದಾಳ, ಸದ್ಯಾ ಒಂದ ಕಾಲಿಂದು" ಅನ್ನಬೇಕೇನು?

ಹಂಗಾರ ಅಲ್ಲಿಗೆ ಯಾಕ ಹಾಕಿದ್ದ? ಮಾಲವ್ವನ ಹಟ. ಮೊದಲಿನ ಸಾಲ್ಯಾಗ ಮಗ್ಗಿ ತಪ್ಪಿದ್ದಕ್ಕ ಸ್ವಪ್ನಾನ್ನ ಬೆಂಚಿನ ಮ್ಯಾಲ ನಿಲ್ಲಿಸಿದ್ರು. ಅಂದಿನಿಂದ ಪಾಟೀಚೀಲ ಕಂಡ್ರ ಸಾಕು, ಹುಡುಗಿಗೆ ಹೊಟ್ಟಿನೋವು, ವಾಂತಿ, ಜ್ವರಾ. ಈ ಡಿಪೋ ಸಾಲಿಗೆ ಹಾಕಿದ ಮ್ಯಾಲ ಮುಂಜಾನೆ ಭೋಂಗಾಕ್ಕಿಂತ ಮೊದಲ ಆಕಿ ಎದ್ದು ಜಡಿ ಹಾಕ್ಕೊಂಡು ಕುಂಡ್ರಾಕತ್ಲು. "ನನಗ ಅಷ್ಟ ಸಾಕು," ಅಂತಿದ್ಲು ಮಾಲವ್ವ.

ಉಳವಪ್ಪಗ ಸಾಕಾಗಿರಲಿಲ್ಲ. ಅದರಾಗ ಒಂದಿನ ಅಂವ ಸಾಲಿ ಕಿಟಕ್ಯಾಗ ಹಣಿಕಿ ಹಾಕಿದಾಗ ಕಂಡದ್ದಂತೂ... ಶಿವಶಿವಾ! ಹುಡುಗೂರು ದಪ್ಪನ ಬಿಳೀ ಹಾಳಿ ಬಕೀಟಿನ ನೀರಾಗ ಅದ್ದಿ ಅದ್ದಿ ತಗ್ಯಾಕತ್ತಿದ್ವು! ತೋಯಿದ ಹಾಳಿ ಹಲಗಿ ಮ್ಯಾಲ ಹಾಸಿ, ಅದರ ಮ್ಯಾಲ ಬಣ್ಣಾ ಬಿಡಾಕತ್ತಿದ್ವು. ಉಳವಪ್ಪನ ದಿನದ ಕೆಲಸಾನ ಹಾಳಿ ಆರಿಸೂದು. ಚುಕ್ಕಿ ಇದ್ದದ್ದು ತಗಿ, ಮಡಿಕಿ ಬಿದ್ದದ್ದು ತಗಿ, ತೇವ ಹತ್ತಿ ಅಲಿ ಎದ್ದದ್ದು ರದ್ದಿಗೆ ಒಗಿ. ಹಾಳಿ ಮ್ಯಾಲ ಒಂದ ಹನಿ ನೀರು ಬಿದ್ರ ಅಂವ ಒರಸಾಕ ಓಡ್ತಿದ್ದ. ಇಲ್ಲಿ ನೋಡಿದ್ರ ಬಕೀಟಿಗೆ ಬಕೀಟು!

"ಅಲ್ರೀ ಅಕ್ಕೋರ, ಚಲೋ ಹಾಳಿ ಯಾಕ ತೋಯಸ್ತೀರಿ?" ಅಂತ ಕೇಳಿದ.

ನೀಲಾ ಅಕ್ಕೋರು ನಕ್ಕರು. "ಬಣ್ಣಕ್ಕ ಓಡಾಡಾಕ ಜಾಗಾ ಬೇಕಲ್ರಿ."

ಅವತ್ತು ಉಳವಪ್ಪಗ ಊಟಾನ ಸೇರಲಿಲ್ಲ. "ಓಡಾಡಾಕ ಜಾಗಾ ಬೇಕಂತ! ಬಣ್ಣಕ್ಕೇನು ಹಳಿಯಾಳ ಸಂತಿಗೆ ಹೋಗೂದೈತೇನು?"

ಇಷ್ಟೆಲ್ಲಾ ಸಿಟ್ಟು ತುಂಬ್ಕೊಂಡಾವನ ಪಾಳಿಗೇ ಗ್ಯಾದರಿಂಗಿನ ಹಿಂದಿನ ಶನಿವಾರ ಸಾಲಿ ಕಸಾ ಹೊಡಿಯೂದು ಬಂತು. ಅದೂ ಒಂದು ಪದ್ಧತಿ ಅಲ್ಲಿ. ವಾರಕ್ಕ ಒಂದು ಮನ್ಯಾವ್ರು ಬಂದು ಸಾಲಿ ಸ್ವಚ್ಛ ಮಾಡಬೇಕು. ಅಕ್ಕೋರು ಕೀಲಿ ಕೊಟ್ಟು, ತವರಿಗೆ ಅಂತ ಜೋಯಿಡಾ ಬಸ್ಸು ಹತ್ತಿದ್ರು. ಸೋಮವಾರ ಮುಂಜಾನೆ ಬರಾವ್ರು. ಮಾಲವ್ವ ಮತ್ತ ಸ್ವಪ್ನಾ ಹಿತ್ತಲದಾಗ ಹುಡುಗೂರು ಹಚ್ಚಿದ ಬದನಿ ಗಿಡಕ್ಕ ನೀರು ಹಾಕಾಕ ಹೋದ್ರು. ಉಳವಪ್ಪ ಕಸಬರಗಿ ಹಿಡಕೊಂಡು ಒಬ್ಬನ ಒಳಗ ಹೋದ.

ಒಳಗ ನೆಲದ ತುಂಬ ಹಲಗಿ. ಹಲಗಿ ಮ್ಯಾಲೆಲ್ಲಾ ಹಸೀ ಚಿತ್ರ. ಅಂದ ಮುಂಜಾನೆ ತಗದದ್ದು, ಇನ್ನೂ ಆರಿರಲಿಲ್ಲ. ಒಂದೊಂದು ಹಾಳೀನೂ ಅಲಿ ಅಲಿ ಎದ್ದು ಹಪ್ಪಳ ಆಗಿತ್ತು.

ಉಳವಪ್ಪ ಒಂದು ಹಾಳಿ ಎತ್ತಿ ಬೆಳಕಿಗೆ ಹಿಡದ. ಇದನ್ನ ಸಾಹೇಬ್ರಿಗೆ ತೋರಸ್ತಾರಂತ! ಇಂಥಾ ಹಾಳಿ ನಮ್ಮ ಟೇಬಲ್ಲಿಗೆ ಬಂದಿದ್ರ ರದ್ದಿಗೆ ಹೋಗ್ತಿತ್ತು! ಸಿಟ್ಟು ಎಷ್ಟಿದ್ರೂ ಅಂವ ಒಳ್ಳೇ ಮನಶ್ಯಾ. ಇರ್ಲಿ, ಮಾನಾ ಉಳಸೂಣು ಅಂದ. ಮಷೀನಿನ ಕಡೆ ಹಸೀ ಹಾಳಿ ರೋಲರಿನ ನಡುವ ಒತ್ತತಾರ ಅಂತ ಅಂವ ಕೇಳಿದ್ದ. ಕೇಳಿದ್ದ ಅಷ್ಟ. ಅಂವನ ಕೈಗೆ ಬರೂ ಹೊತ್ತಿಗೆ ಹಾಳಿ ಗರಿಗರಿ ಒಣಗಿರ್ತಿತ್ತು. ಆದ್ರೂ ಕಾಗದದ ಮನಶ್ಯಾ ಅಲ್ಲೇನು ಅಂವ? ಎಲ್ಲಾ ಚಿತ್ರ ಒಂದರ ಮ್ಯಾಲೊಂದು ಇಟ್ಟ, ಅಂಚಿಗೆ ಅಂಚು ಕೂಡಿಸಿದ, ಮ್ಯಾಲ ಒಂದು ಹಲಗಿ ಹೇರಿದ, ಹಲಗಿ ಮ್ಯಾಲ ಬೀಸೂಕಲ್ಲು ಎತ್ತಿ ಇಟ್ಟ. ಕೈ ಝಾಡಿಸಿ ಕೀಲಿ ಹಾಕಿದ.

ಸಂಜೀಕ ಊಟಕ್ಕ ಕುಂತಾಗ ತಾನಾಗೇ ಬಾಯಿ ಬಿಟ್ಟ. "ನಿಮ್ಮ ಅಕ್ಕೋರು ಮಾಡಿದ ತಪ್ಪು ನಾ ತಿದ್ದಿ ಬಂದೀನಿ. ಸೋಮವಾರ ನೋಡ್ರಿ, ಹಾಳಿ ಹೆಂಗ ಸಪಾಟ ಆಗಿರ್ತಾವು!"

ಸ್ವಪ್ನಾನ ಕಣ್ಣು ದೊಡ್ಡೂ ಆದ್ವು. "ಅಪ್ಪಾ, ಹಸೀ ಚಿತ್ರ ಒಂದರ ಮ್ಯಾಲೊಂದು ಇಟ್ಟೀಯೇನು?"

"ಮತ್ತೇನು ಒಂದರ ಕೆಳಗೊಂದು ಇಡಬೇಕಿತ್ತೇನು?"

"ಅಪ್ಪಾ! ಅವು ಗ್ಯಾದರಿಂಗಿಗೆ ಗ್ವಾಡಿಗೆ ಹಚ್ಚೂ ಚಿತ್ರ!" ಅಂದಾಕಿನ ಹುಡುಗಿ ಹೋ ಅಂತ ಅತ್ಲು.

ಐತವಾರ ಮುಂಜಾನೆ ಮೂರೂ ಮಂದಿ ಓಡಿ ಹೋಗಿ ಬೀಸೂಕಲ್ಲು ಇಳಿಸಿದ್ರು. ಉಳವಪ್ಪ ಮ್ಯಾಲಿನ ಹಾಳಿ ಎತ್ತಾಕ ಹೋದ. ಹಾಳಿ ಬರಲಿಲ್ಲ, ಇಡೀ ಕಟ್ಟ ಎದ್ದು ಬಂತು! ಜಗ್ಗಿದ್ರ ಚೂರು ಚೂರು ಕಿತ್ತು ಬರಾಕತ್ತು. ಕೆಂಪ್ಯಾವುದು, ಹಳದಿ ಯಾವುದು, ನೀಲಿ ಯಾವುದು? ಎಲ್ಲಾ ಕೂಡಿ ಸಗಣಿ ಸಾರಿಸಿದಂಗ ಆಗಿತ್ತು.

ಮಾಲವ್ವ ಸೆರಗು ಬಾಯಿಗೆ ಒತ್ತಿ ನೋಡಿದ್ಲು. "ಮಿಲ್ಲಿನ್ಯಾಗ ರದ್ದಿ ಆರಿಸಿ ಒಗೀತಿದ್ರಿ. ಇಲ್ಲಿ ಕುಂತು ತಯಾರ ಮಾಡಿದ್ರಿ!"

"ಹಾಳಿ ತೋಯಿಸಿದ್ದು ಯಾರು? ನಾನೇನು? ಹಾಳಿ ತೋಯಿಸಿದ್ದು ತಪ್ಪಲ್ಲ, ಒತ್ತಿದ್ದು ತಪ್ಪೇನು?"

"ನೀವು ಹಾಳಿ ಒಣಗಿದ ಮ್ಯಾಲ ಕಂಡಾವ್ರು. ಹಸೀದರ ಸುದ್ದಿ ನಿಮಗ್ಯಾಕ ಬೇಕಾಗಿತ್ರಿ?"

ಉಳವಪ್ಪ ಇನ್ನೊಂದು ಮಾತು ಹುಡುಕೂದ್ರಾಗ ಸ್ವಪ್ನಾ ಕಣ್ಣೊರಿಸ್ಕೊಂಡು ಓಡೇಬಿಟ್ಲು. ಓಣಿ ಓಣಿ ಅಡ್ಡಾಡಿ, ಊರಾಗಿದ್ದ ತನ್ನ ಕ್ಲಾಸಿನ ಹುಡುಗೂರನ್ನೆಲ್ಲಾ ಕರಕೊಂಡು ಬಂದ್ಲು. ಉಳವಪ್ಪ ಬೈಸ್ಕೊಳ್ಳಾಕ ತಯಾರಾಗಿ ನಿಂತಿದ್ದ. ಹುಡುಗೂರು ಆ ಕಟ್ಟು ನೋಡಿದ್ವು, ಆಮ್ಯಾಲ "ಹಂಗಾರ ಇವತ್ತೂ ಬಣ್ಣಾ ಹಚ್ಚೂದೇನು? ಐತವಾರನೂ?" ಅಂತ ಕುಣ್ಯಾಕತ್ವು!

ಇದು ಉಳವಪ್ಪಗ ಎಲ್ಲಾದಕ್ಕಿಂತ ಹೆಚ್ಚು ಸಿಟ್ಟು ತರಿಸ್ತು. ಮಾಡಿದ ಕೆಲಸಾ ಮಣ್ಣುಗೂಡೈತಿ, ಮತ್ತ ಮಾಡ್ರಿ ಅಂದ್ರ ಕುಣೀತಾವಲ್ಲ! ನಪಾಸಿನ ಅಂಜಿಕಿ ಇಲ್ಲದ್ದಕ್ಕ ಹಿಂಗಾಗ್ಯಾವು!

"ಅಪ್ಪಾ, ನೀ ಹಾಳಿ ಅದ್ದು," ಅಂತ ಸ್ವಪ್ನಾ ಬಕೀಟು ಮುಂದ ಇಟ್ಲು.

ಅಂವ ಕಣ್ಣು ಮುಚ್ಚಿ, ದೇವರ ಹೆಸರು ತಗೊಂಡು, ಮೊದಲನೇ ಹಾಳಿ ನೀರಾಗ ಮುಳಗಿಸಿದ. ಫಿನಿಶಿಂಗ್ ಹೌಸಿನ ಮಂದಿ ಯಾರರ ನೋಡಿದ್ರ ಮಾರಿ ಎಲ್ಲಿ ಇಡೂದು ಅಂತ ಕಿಟಕಿ ಮುಚ್ಚಿಸಿದ.

ಮಧ್ಯಾಹ್ನದೊಳಗ ಎಲ್ಲಾರ ಚಿತ್ರಾನೂ ಆತು. ಒಂದ ಹಲಗಿ ಖಾಲಿ ಉಳೀತು. ಅದು ಗಂಗೀದು. ಗಂಗಿ ಶನಿವಾರ ಸಾಲಿ ಬಿಟ್ಟ ಮ್ಯಾಲ ಮುಂಡಗೋಡಕ್ಕ ಸ್ವಾದರಮಾವನ ಮನಿಗೆ ಹೋಗಿದ್ಲು.

"ಇರ್ಲಿ ಬಿಡಪ್ಪಾ, ಆಕಿ ಬಂದು ತಗೀತಾಳ," ಅಂದ್ಲು ಸ್ವಪ್ನಾ.

"ಗ್ವಾಡಿ ಮ್ಯಾಲ ಜಾಗಾ ಖಾಲಿ ಬಿಟ್ರ ಸಾಹೇಬ್ರು ಯಾಕ ಅಂತ ಕೇಳೂದಿಲ್ಲೇನು? ತಾ ಇಲ್ಲಿ, ನಾ ತಗೀತೇನಿ. ಇದೇನು ಬ್ರಹ್ಮವಿದ್ಯಾ?" ಉಳವಪ್ಪ ತೋಳು ಏರಿಸಿ ಕುಂತ. ಸೂಪಾ ಡ್ಯಾಮು, ಹಿಂದ ಎರಡು ಗುಡ್ಡ, ನಡುವ ಸೂರ್ಯಾ. ಮನಸ್ಸಿನ್ಯಾಗ ಎಲ್ಲಾ ಸಪಾಟ ತಯಾರಿತ್ತು. ಹಂಗ ಮೂರಕ್ಕೂ ಬಣ್ಣಾ ಹಚ್ಚಿ, ಸೂರ್ಯಾನ ಸುತ್ತ ಗೆರಿ ಹೊಡಿಯಾಕತ್ತ.

"ಅಪ್ಪಾ, ಗೆರಿ ಹೊಡೀಬಾರದು."

"ಗೆರಿ ಇಲ್ಲದ ಸೂರ್ಯಾ ಎಲ್ಲಿರ್ತಾನ?"

"ಹೊರಗ ನೋಡು. ಗೆರಿ ಎಲ್ಲೈತಿ?"

ಉಳವಪ್ಪ ಹೊರಗ ಹೋಗಿ ಮ್ಯಾಲ ನೋಡಿದ. ಕಣ್ಣಾಗ ನೀರು ಬಂತು, ಗೆರಿ ಕಾಣಲಿಲ್ಲ. ಒಳಗ ಬಂದು ನೋಡಿದ್ರ ಸೂರ್ಯಾ ಆಗಲೇ ಗುಡ್ಡದಾಗ ಇಳದಿದ್ದ, ಗುಡ್ಡ ಡ್ಯಾಮಿನ್ಯಾಗ ಇಳದಿತ್ತು. ತಿದ್ದಾಕ ಹೋದಷ್ಟೂ ರಾಡಿ ಆತು. ಉಜ್ಜಿದ, ಒರಸಿದ, ಮತ್ತಷ್ಟು ನೀಲಿ ಸುರುವಿದ. ಬಣ್ಣಾ ತನಗ ಬೇಕಾದಲ್ಲೆ ಓಡಾಡಿ, ಕಡೀಕ ಕರ್ರಗ ಕುಂತು ಬಿಡ್ತು.

ಮಾಲವ್ವ ಬಗ್ಗಿ ನೋಡಿದ್ಲು. "ಎಮ್ಮಿ ಚಂದ ಬಂದೈತಿ."

"ಎಮ್ಮಿ ಅಲ್ಲ! ಸೂಪಾ ಡ್ಯಾಮು!"

ಸೋಮವಾರ ಬಂತು. ಒಣಗಿದ ಚಿತ್ರಾನೆಲ್ಲಾ ಸ್ವಪ್ನಾ ಮತ್ತ ಹುಡುಗೂರು ಮುಂಜಾನೆನ ಅವರವರ ಹೆಸರಿನ ಮ್ಯಾಲ ಗ್ವಾಡಿಗೆ ಹಚ್ಚಿದ್ರು. ಉಳವಪ್ಪ ಇಸ್ತ್ರಿ ಅಂಗಿ ಹಾಕ್ಕೊಂಡು, ಗೇಟಿನ್ಯಾಗ ಸಾಹೇಬ್ರಿಗೆ ನಮಸ್ಕಾರ ಹೊಡದು, "ಮಾರ್ಕ್ಸ್ ಬಗ್ಗೆ ನಂದೊಂದೆರಡು ಮಾತು ಅದಾವ್ರಿ," ಅಂತ ಮೊದಲ ಹೇಳಿ ಇಟ್ಟ. ಸಾಹೇಬ್ರು ಗೋಣು ಹಾಕಿದ್ರು. ಚಿತ್ರ ನೋಡಕೋತ ಒಳಗ ಬಂದ್ರು, ಬಾಜೂಕ ನೀಲಾ ಅಕ್ಕೋರು. ಬಸ್ಸು ಆಗಷ್ಟ ಇಳದಿದ್ದ ಅಕ್ಕೋರು ಗ್ವಾಡಿ ನೋಡಿ ಹುಬ್ಬು ಗಂಟು ಹಾಕ್ಕೊಂಡಿದ್ರು. ಇವು ತಾವು ಬಿಟ್ಟು ಹೋದ ಚಿತ್ರ ಅಲ್ಲ ಅನ್ನೂದು ಅವ್ರಿಗೆ ತಿಳದಿತ್ತು. ಕೇಳೂಣು ಅಂದ್ರ ಸಾಹೇಬ್ರು ಜೋಡಿ ಇದ್ರು.

ಅಷ್ಟ್ರಾಗ ಗಂಗಿ ಅವ್ವನ ಕೈ ಹಿಡಕೊಂಡು ಬಂದಾಕಿ, ತನ್ನ ಹೆಸರಿನ ಮ್ಯಾಲಿನ ಚಿತ್ರ ನೋಡಿ ಕಿರಚಿದ್ಲು. "ಇದು ನಂದಲ್ಲ!"

ಎಲ್ಲಾರೂ ಗ್ವಾಡಿ ಕಡೆ ಹೊಳ್ಳಿದ್ರು.

"ನಾ ಬೆಳ್ಳಕ್ಕಿ ತಗದಿದ್ದೆ! ಹಾರೂ ಬೆಳ್ಳಕ್ಕಿ! ಈ ಎಮ್ಮಿ ಯಾರು ತಗದ್ರು?"

"ಇರ್ಲಿ ಬಿಡವಾ, ಎಮ್ಮಿನೂ ಚಲೋ ಐತಿ," ಅಂತ ಸಾಹೇಬ್ರು ಸಮಾಧಾನ ಮಾಡಾಕ ಹೋದ್ರು.

"ಚಲೋ ಎಲ್ಲೈತ್ರಿ? ಮಂದಿ ಇದನ್ನ ನಾನ ತಗದೀನಿ ಅಂತ ತಿಳೀತಾರಲ್ರಿ ಅಕ್ಕೋರ!" ಗಂಗಿ ಬಿಕ್ಕಿ ಬಿಕ್ಕಿ ಅಳಾಕತ್ಲು.

ಸ್ವಪ್ನಾ ಅಪ್ಪನ ಮಾರಿ ನೋಡಿದ್ಲು. ಆ ನೋಟಕ್ಕ ಉಳವಪ್ಪಗ ನಾಚಿಕಿ ಅನ್ನೂದು ಅಂಗಾಲಿನಿಂದ ಏರಿ ಬಂತು. ಸಣ್ಣ ಕೂಸನ್ನ ಅಳಿಸಿ, ತಾ ಮಾರ್ಕ್ಸ್ ಕೇಳಾಕ ನಿಂತಾನ!

"ಆಕೀದಲ್ರಿ," ಅಂದ. "ನಂದ್ರಿ." ಬೀಸೂಕಲ್ಲಿನಿಂದ ಹಿಡದು ಎಮ್ಮಿ ತನಕ ಒಂದ ಉಸರಿನ್ಯಾಗ ಹೇಳಿ ಮುಗಿಸಿದ. "ಖರೇ ಹೇಳಬೇಕಂದ್ರ ಅದು ಡ್ಯಾಮ್ರಿ," ಅಂತ ಕಡೀಕ ಸಣ್ಣ ದನ್ಯಾಗ ಕೂಡಿಸಿದ.

ಅಕ್ಕೋರು ಸಿಟ್ಟಿಗೇಳಲಿಲ್ಲ. ಗಂಗೀ ಕಣ್ಣೊರಿಸಿ, "ಈಗ ಇನ್ನೊಂದು ಬೆಳ್ಳಕ್ಕಿ ತಗಿಯೂಣೇನು? ಹಾಳಿ ಅದ್ದಾವ್ರು ಯಾರು?" ಅಂದ್ರು.

ಉಳವಪ್ಪ ಯಾರರ ಹೇಳೂದರೊಳಗ ಬಕೀಟು ತಂದ. ಹಾಳಿ ಎರಡು ಮೂಲಿ ಹಿಡದು ಮುಳಗಿಸಿದ, ನೀರು ಸೋರಸಿದ, ಒಂದ ಗುಳ್ಳಿ ಏಳದಂಗ ಹಲಗಿ ಮ್ಯಾಲ ಹಾಸಿದ. ಗಂಗಿ ಮೂಗು ಏರಿಸ್ಕೋತ ಕುಂತು, ಸುತ್ತ ನೀಲಿ ಬಿಟ್ಲು, ನಡುವ ಬಿಳೀ ಜಾಗಾ ಹಂಗ ಉಳಿಸಿದ್ಲು, ಕೆಳಗ ಹಳದಿ ಬಿಟ್ಲು. ಹಳದಿ ಹೋಗಿ ನೀಲಿ ಮುಟ್ಟಿತು. ಮುಟ್ಟಿದಲ್ಲೆ ಹಸರು ಹುಲ್ಲು ತಾನ ಎದ್ದು ನಿಂತು, ಬೆಳ್ಳಕ್ಕಿ ಹಾರೇಬಿಡ್ತು. ಉಳವಪ್ಪ ಬಾಯಿ ತಕ್ಕೊಂಡು ನೋಡಿದ. ಅಷ್ಟು ಹಾಳಿ ಕೈಯಾಡಿಸಿದಾವ ಅಂವ, ಇಂಥಾದ್ದು ಕಂಡಿರಲಿಲ್ಲ.

"ಹಾಂ, ಮಾರ್ಕ್ಸ್ ಬಗ್ಗೆ ಏನೋ ಕೇಳೂದೈತಿ ಅಂದಿದ್ರಲ್ಲ?" ಅಂತ ಸಾಹೇಬ್ರು ನೆನಪು ಮಾಡಿದ್ರು.

"ಹೌದ್ರಿ ಸಾಹೇಬ್ರ," ಅಂದ್ರು ನೀಲಾ ಅಕ್ಕೋರು. "ಭಾಳ ದಿನದಿಂದ ಕೇಳಾಕತ್ತಾರ, ಪಾಪ. ನಾನೂ ವಿಚಾರ ಮಾಡಿದೆ, ಕೊಡೂಣಂತ. ಇವತ್ತಿಂದನ ಸುರು ಮಾಡೂಣು. ಮೊದಲ ಈ ಚಿತ್ರಕ್ಕ!" ಅಂತ ಎಮ್ಮಿ ಕಡೆ ಕೈ ಮಾಡಿದ್ರು. "ಎಷ್ಟು ಕೊಡೂಣು? ಹುಡುಗೂರ, ನೀವ ಹೇಳ್ರಿ!"

ಗಂಗಿ ಎಲ್ಲಾರಿಗಿಂತ ಮೊದಲ ಕೈ ಎತ್ತಿದ್ಲು.

ಉಳವಪ್ಪ ತೋಯಿದ ಎರಡೂ ಕೈ ಜೋಡಿಸಿಬಿಟ್ಟ. "ಬ್ಯಾಡ್ರಿ ಅಕ್ಕೋರ! ಜರ್ಮನ್ ಪದ್ಧತೀನ ಇರ್ಲಿ ಬಿಡ್ರಿ!"