ಹುಣಸೆ ಬೀಜಗಳ ಮೂಲಕ ಕಿತ್ತೂರು ಗೆದ್ದ ಬಗ್ಗೆ

ಮಾನ್ಯ ಓದುಗರಲ್ಲಿ ಸವಿನಯವಾಗಿ ತಿಳಿಯಪಡಿಸುವುದೇನೆಂದರೆ, ಬೈಲಹೊಂಗಲದ ನನ್ನ ಸೋದರಮಾವ ಕಂಪನಿ ಸರಕಾರದ ಪರವಾಗಿ ಕಿತ್ತೂರಿನ ಮೇಲೆ ಇನ್ನೂರು ಸಲವಾದರೂ ದಂಡೆತ್ತಿ ಹೋಗಿ, ಮೊದಲ ಎರಡು-ಮೂರು ಬಿಟ್ಟರೆ ಅಷ್ಟೂ ಸಲ ಸೋತವರು. ಇಂಥ ಸೇನಾಪತಿ ಕಂಪನಿಗೆ ಮೊದಲೇ ದೊರೆತಿದ್ದರೆ ನಮ್ಮ ಇತಿಹಾಸವೇ ಬೇರೆಯಾಗುತ್ತಿತ್ತು! (ನನಗೆ ಬರೆದು ರೂಢಿಯಿರುವುದು ಕಚೇರಿಯ ಟಿಪ್ಪಣಿಗಳನ್ನಷ್ಟೇ. ಲೋಪಗಳಿದ್ದಲ್ಲಿ ಮನ್ನಿಸಬೇಕು.)

ಸದರಿಯವರ ಉದ್ಯೋಗ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಹತ್ತಿ ಪರೀಕ್ಷಿಸುವುದು. ಹತ್ತಿಯ ಅಂಡಿಗೆಯೊಳಗೆ ಕೈಯಿಟ್ಟು, ಕಣ್ಣು ಮುಚ್ಚಿ, ಬರೀ ಬೆರಳಿನಿಂದ "ಇದು ಮುನವಳ್ಳಿ ಕಡೀದು, ತೂಕಕ್ಕ ನೀರ ಹೊಡದಾರ" ಎನ್ನುತ್ತಿದ್ದರು. ತಂದವನು ತಕರಾರು ಮಾಡದೆ ನೆಲ ನೋಡುತ್ತಿದ್ದ.

ತೊಂಬತ್ತರ ದಶಕದಲ್ಲಿ ಇವರಿಗೆ ಕಿತ್ತೂರಿನ ಯುದ್ಧವನ್ನು ಪಗಡೆಯಂಥ ಹಾಸಿನ ಆಟವಾಗಿಸುವ ಹುಚ್ಚು ಹತ್ತಿತು. ಸೀರೆ ಡಬ್ಬಿಯ ರಟ್ಟಿನ ಮೇಲೆ ಕೋಟೆ, ಕಂದಕ, ಮನೆಗಳು. ಸೋಡಾ ಬಾಟಲಿಯ ಮುಚ್ಚಳಗಳು ಕಂಪನಿಯ ಸಿಪಾಯಿಗಳು; ಅಡಿಕೆಗಳು ಕಿತ್ತೂರಿನವರು. ಎದುರಾಳಿ ಯಾರು? ಮನೆಯಲ್ಲಿದ್ದದ್ದು ಅತ್ತೆಯೊಬ್ಬರೇ, ಅವರ ತವರೂರೋ ಸಾಕ್ಷಾತ್ ಕಿತ್ತೂರು! ಆದರೆ ಸಂಜೆಯಾದರೆ ಅವರು ಟೀವಿಯ ಮುಂದೆ, ಇವರು ಪಡಸಾಲೆಯಲ್ಲಿ. ಹೇಗಾದರೂ ಮಾಡಿ ಹೆಂಡತಿಯನ್ನು ಎದುರಿಗೆ ಕೂರಿಸಿಕೊಳ್ಳಬೇಕೆಂಬುದೇ ಮಾವನ ಜೀವಮಾನದ ಬೇಡಿಕೆಯಾಗಿತ್ತು.

ಕಾದಾಟದ ತೀರ್ಮಾನಕ್ಕೆ ಮೊದಲು ಕವಡೆ ಬಂದವು. ಒಂದೇ ಅಡಿಕೆ ಏಳು ಮುಚ್ಚಳಗಳನ್ನು ಕೆಡವಿತು. ಇದು ಯುದ್ಧವಲ್ಲ, ಮಟಕಾ ಎಂದು ಮಾವನೇ ಷರಾ ಬರೆದು ಕವಡೆಗಳನ್ನು ರದ್ದುಪಡಿಸಿದರು. ಬಳಿಕ ಬರೀ ಲೆಕ್ಕ: ಹೆಚ್ಚು ತೋಪು ಇದ್ದವನಿಗೆ ಗೆಲುವು. ತೋಪುಗಳಾದರೋ ಹೆಚ್ಚಿದ್ದದ್ದು ಕಂಪನಿಯ ಬಳಿ. ಒತ್ತಾಯಕ್ಕೆ ಕಿತ್ತೂರಿನ ಪರ ಕುಳಿತಿದ್ದ ಅತ್ತೆ ಮೂರನೆಯ ಸಂಜೆಗೆ ಎದ್ದುಬಿಟ್ಟರು.

"ನಮ್ಮ ತವರೂರು ದಿನಾ ಸಂಜಿಮುಂದ ಸೋಲೂದು ನೋಡಾಕ ನಾ ಕುಂದ್ರೂದಿಲ್ಲ. ನಿಮ್ಮ ಯುದ್ಧ ನೀವ ಮಾಡ್ಕೋರಿ."

ಮಾವ ಒಂದು ವಾರ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಇಪ್ಪತ್ತು ಹುಣಸೆ ಬೀಜ ಆರಿಸಿ, ಹತ್ತನ್ನು ಒಂದು ಮಗ್ಗುಲು ಕಲ್ಲಿಗೆ ತಿಕ್ಕಿ ಬಿಳಿಯಾಗಿಸಿ, ಎಲ್ಲವನ್ನೂ ಎಲೆ-ಅಡಿಕೆಯ ಸಂಚಿಗೆ ತುಂಬಿದರು. ಹೊಸ ನಿಯಮ ಹೀಗಿತ್ತು: ಎಷ್ಟು ಸಿಪಾಯಿಗಳೋ ಅಷ್ಟು ಬೀಜ, ಕಾಣದಂತೆ ತೆಗೆಯತಕ್ಕದ್ದು. ಬಿಳಿ ಬಂದರೆ ಎದುರಾಳಿಯ ಒಬ್ಬ ಬಿದ್ದ. ಕರಿ ಬಂದರೆ ಏಟು ಹುಸಿ. ಸಂಚಿ ಬರಿದಾಗುವವರೆಗೆ ತೆಗೆದ ಬೀಜ ಒಳಗೆ ಹೋಗತಕ್ಕದ್ದಲ್ಲ. ಈಗ ದೈವ ಕೈಕೊಟ್ಟರೂ ಮುಂದೆ ಬಿಳಿ ಬರಲೇಬೇಕಲ್ಲವೆ? ಎಂಥ ನ್ಯಾಯ!

ಇದರ ಪರೀಕ್ಷೆ ಸವದತ್ತಿಯ ಬಸ್ಸಿನಲ್ಲಿ ನಡೆಯಿತು. ಉಗರಗೋಳಕ್ಕೆ ಹೊರಟಿದ್ದ ಮುದುಕಿಯೊಬ್ಬಳು ಮಾವ ಬೀಜ ತೆಗೆಯುವುದನ್ನು ನೋಡಿ ಇವರು ಶಕುನ ಹೇಳುವವರೆಂದು ತಿಳಿದು, "ನಮ್ಮ ಎಮ್ಮಿ ಯಾವಾಗ ಈಯತೈತಿ ನೋಡ್ರಿ" ಎಂದಳು. ಮಾವ ಗಂಭೀರವಾಗಿ ಒಂದು ಬೀಜ ತೆಗೆದರು. ಬಿಳಿ ಬಂತು. ಎರಡು ದಿನದೊಳಗೆ ಎಂದು ಆದೇಶಿಸಿದರು. ಎಮ್ಮೆ ಪಾಲಿಸಿತೋ ಇಲ್ಲವೋ, ದಾಖಲೆ ಲಭ್ಯವಿಲ್ಲ.

ಅತ್ತೆ "ಒಂದ ಸಲಾ ಅಷ್ಟ" ಎಂಬ ಷರತ್ತಿನ ಮೇಲೆ ಕುಳಿತರು. ಕಿತ್ತೂರು ಗೆದ್ದಿತು. ಮರುದಿನ ಟೀವಿ ಬಂದ್ ಮಾಡಿ ತಾವೇ ರಟ್ಟು ಹಾಸಿದರು! ಅಂದಿನಿಂದ ವರ್ಷಗಟ್ಟಲೆ ಕಿತ್ತೂರಿಗೆ ಸೋಲೆಂಬುದೇ ಇಲ್ಲ. ಅತ್ತೆ ಥಟ್ಟನೆ ಬೀಜ ತೆಗೆಯುತ್ತಿದ್ದರು. ಮಾವನೋ ಸಂಚಿಯಲ್ಲಿ ಕೈಯಿಟ್ಟು, ಕಣ್ಣು ಮುಚ್ಚಿ ಬಹಳ ಹೊತ್ತು ತಡಕಾಡುತ್ತಿದ್ದರು. ದೇವರನ್ನು ಬೇಡುತ್ತಿದ್ದಾರೆಂದು ನನ್ನ ಭಾವನೆಯಾಗಿತ್ತು.

ಸವದತ್ತಿಯಲ್ಲಿ ಗುಮಾಸ್ತನಾಗಿದ್ದ ನಾನು ಒಂದು ರವಿವಾರ ಸಹಜವಾಗಿ ಆ ಸಂಚಿಯಲ್ಲಿ ಕೈಯಿಟ್ಟೆ. ತಿಕ್ಕಿದ ಬೀಜ ಒರಟು, ತಿಕ್ಕದ್ದು ನುಣುಪು, ಕುರುಡನಿಗೂ ತಿಳಿಯುವಂತಿತ್ತು! ಅಂದರೆ ಅತ್ತೆ ಇಷ್ಟು ವರ್ಷ ಬಿಳಿಯನ್ನೇ ಆರಿಸಿ ತೆಗೆಯುತ್ತಿದ್ದರು. ಕರ್ತವ್ಯವೆಂದು ಭಾವಿಸಿ ಮಾವನನ್ನು ಹಿತ್ತಲಿಗೆ ಕರೆದೊಯ್ದು, ತಗ್ಗಿದ ದನಿಯಲ್ಲಿ ವರದಿ ಸಲ್ಲಿಸಿದೆ.

ಮಾವ ನನ್ನನ್ನೇ ನೋಡಿದರು. "ತಮ್ಮಾ, ಮೂವತ್ತು ವರ್ಷ ಹತ್ತಿ ಮುಟ್ಟಿದ ಬೆರಳ ಇವು. ನನಗ ಗೊತ್ತಾಗಾಂಗಿಲ್ಲೇನು?"

"ಮತ್ತ ನೀವ್ಯಾಕ ಗೆದ್ದಿಲ್ಲ ಮಾಮಾ?"

"ಗೆದ್ರ ಆಕಿ ಎದ್ದು ಹೋಗ್ತಾಳ," ಎಂದರು. ಆಮೇಲೆ ಅಂಗೈ ನೋಡಿಕೊಳ್ಳುತ್ತ, "ಬರೇ ಕರೀವ ಹುಡುಕಿ ತಗಿಯೂದೂ ಏನ್ ಹಗುರ ಕೆಲಸ ಅಲ್ಲ" ಎಂದರು.

ಅಷ್ಟರಲ್ಲಿ ಪಡಸಾಲೆಯಿಂದ ಬೀಜದ ಸಂಚಿ ಅಲುಗಿಸಿದ ಸದ್ದು ಕೇಳಿಸಿತು. ಮಾವ ಧೋತರದ ಚುಂಗನ್ನು ಸರಿಪಡಿಸಿಕೊಂಡು, ಸೋಲುವುದಕ್ಕೆ ಅವಸರವಸರವಾಗಿ ಒಳಗೆ ಹೋದರು.