ಕತ್ತರಿಸಿಟ್ಟ ಉಸಿರು

ಬ್ಯಾಡಗಿಯ ಮೆಣಸಿನಕಾಯಿ ಸಾವ್ಕಾರ ನಿಜಲಿಂಗಪ್ಪನವರು ಹಾಡುವಾಗ ಉಸಿರಾಡುತ್ತಾರೆಂಬ ಸಂಗತಿ ಅವರ ಹೆಂಡತಿ ಗದಿಗೆವ್ವನವರ ಗಮನಕ್ಕೆ ಬಂದದ್ದೇ ಈ ಎಲ್ಲ ಅನಾಹುತಕ್ಕೂ ಮೂಲ.

ತಾವೇ ಕಟ್ಟಿ ತಾವೇ ಹಾಡಿದ ಹನುಮಂತನ ಹಾಡುಗಳ ಸೀಡಿಯನ್ನು ಸಾವ್ಕಾರರು ಹಿಂದಿನ ಸಂಜೆ ಮನೆಯಲ್ಲಿ ಹಚ್ಚಿದ್ದರು. ಗದಿಗೆವ್ವ ಕೈಮುಗಿದು, ಕಣ್ಣು ಮುಚ್ಚಿ, ಮೊದಲ ಹಾಡನ್ನು ಕೊನೆಯವರೆಗೂ ಕೇಳಿದರು. ಆಮೇಲೆ ಒಂದೇ ಪ್ರಶ್ನೆ ಹಾಕಿದರು.

“ಹಾಡು ಚಲೋ ಐತ್ರಿ. ಆದ್ರ ನಿಮ್ಮ ಬಾಜೂಕ ಕುಂತು ಒಲಿ ಊದಾಕತ್ತಾರಲ್ಲ, ಅವರು ಯಾರು?”

ಆ ರಾತ್ರಿ ಸಾವ್ಕಾರರಿಗೆ ನಿದ್ದೆ ಬರಲಿಲ್ಲ. ಬೆಳಗಾಗುತ್ತಲೇ ತಮ್ಮದೇ ಕಟ್ಟಡದ ಮೆಟ್ಟಿಲು ಹತ್ತಿ, ಮಹಡಿಯ ಕೋಣೆಯಲ್ಲಿ ಧ್ವನಿಮುದ್ರಣದ ಅಂಗಡಿ ಇಟ್ಟುಕೊಂಡಿದ್ದ ಸಿದ್ದಲಿಂಗೇಶನ ಬಾಗಿಲಿಗೆ ಬಂದು ನಿಂತರು. ನಿಜ ಹೇಳಬೇಕೆಂದರೆ, ಅವರಿಗಿಂತ ಮೊದಲು ಅವರ ಉಸಿರು ಬಂತು. ವರ್ಷಾನುಗಟ್ಟಲೆ ಮೆಣಸಿನಕಾಯಿಯ ಘಾಟು ಕುಡಿದ ಎದೆ ಅದು. ತೂತು ಬಿದ್ದ ಕಮ್ಮಾರನ ತಿದಿಯಂತೆ ಎಳೆದು ಬಿಡುತ್ತಿತ್ತು.

“ಇವತ್ತ ನಾಲ್ಕಕ್ಕ ರಾಣೆಬೆನ್ನೂರಾಗ ಸೀಡಿ ಬಿಡುಗಡಿ. ಬೀಗರು ಮುಂದಿನ ಸಾಲಿನ್ಯಾಗ ಕುಂದರತಾರ. ಹಾಡಿನ್ಯಾಗ ನನ್ನ ಉಸಿರು ಒಂದೂ ಕೇಳಬಾರದು. ತಿಳೀತಿಲ್ಲೋ?”

ಉಸಿರನ್ನು ಪೂರ್ತಿ ತೆಗೆದರೆ ಹಾಡು ಸತ್ತಂತಾಗುತ್ತದೆ, ಸದ್ದು ಸ್ವಲ್ಪ ತಗ್ಗಿಸಿದರೆ ಸಾಕು ಎಂದು ಸಿದ್ದಲಿಂಗೇಶ ವಿನಯದಿಂದ ವಿವರಿಸಲು ಹೋದ. ಸಾವ್ಕಾರರು ಅವನತ್ತ ನೋಡಲಿಲ್ಲ. ಗದ್ದಲ ಒಳಬಾರದಿರಲೆಂದು ಅವನು ನಾಲ್ಕೂ ಗೋಡೆಗೆ ಬಡಿದಿದ್ದ, ಚಿಂದಿ ಹೊಲಿದ ಹಳೆಯ ಕೌದಿಗಳನ್ನು ನೋಡುತ್ತ, ಕೋಣೆಯ ಉದ್ದಗಲವನ್ನು ಕಣ್ಣಲ್ಲೇ ಅಳೆದರು.

“ಕೆಳಗ ಗೋದಾಮು ತುಂಬೇತಿ. ಉಸಿರು ಹೋಗಲಿಲ್ಲಂದ್ರ ನಾಳಿಂದ ಇಲ್ಲಿ ಮೆಣಸಿನಕಾಯಿ ಚೀಲ ಬರ್ತಾವ ನೋಡು.”

ಊರಿನ ಮದುವೆಯ ಬ್ಯಾಂಡು, ಪುಢಾರಿಗಳ ಪ್ರಚಾರ, ಅಂಗಡಿಗಳ ಜಾಹೀರಾತು ಎಲ್ಲವೂ ಸಿದ್ದಲಿಂಗೇಶನನ್ನು ಹುಡುಕಿಕೊಂಡು ಬರುತ್ತಿದ್ದದ್ದು ಈ ಕೋಣೆಗೇ. ಇದು ಹೋದರೆ ಅವನು ಮೈಕು ಹಿಡಿದು ಬೀದಿಯಲ್ಲಿ ನಿಲ್ಲಬೇಕು. ಸಾಲದ್ದಕ್ಕೆ ಮಧ್ಯಾಹ್ನ ಎರಡಕ್ಕೆ ತಪ್ಪದೆ ಕರೆಂಟು ಹೋಗುತ್ತಿತ್ತು. ಅಷ್ಟರೊಳಗೆ ಸೀಡಿ ಬರೆದು ಮುಗಿಯಬೇಕು.

ಕಂಪ್ಯೂಟರಿನ ಮುಂದೆ ಕುಳಿತ. ಪರದೆಯ ಮೇಲೆ ಸಾವ್ಕಾರರ ದನಿ ದಪ್ಪ ದಪ್ಪ ಗೆಣಸಿನಂತೆ ಬಿದ್ದಿತ್ತು. ಗೆಣಸು ಗೆಣಸಿನ ನಡುವೆ ಬೇರಿನ ಕೂದಲಂತೆ ಉಸಿರು. ಮೊದಲು, ಸಣ್ಣ ಸದ್ದುಗಳನ್ನೆಲ್ಲ ತಾನೇ ನುಂಗಿಬಿಡುವ ಯಂತ್ರದ ಸೌಲಭ್ಯವನ್ನು ಬಳಸಿದ. ಅದು ಉಸಿರಿನ ಜೊತೆಗೆ ಪ್ರತಿ ಸಾಲಿನ ಬಾಲವನ್ನೂ ನುಂಗಿತು. ಹನುಮಂತ ಲಂಕೆಗೆ ಹಾರಿದವನು ಇಳಿಯುವ ಮೊದಲೇ ಮಾಯವಾಗತೊಡಗಿದ. ಕೊನೆಗೆ ಒಂದೊಂದೇ ಉಸಿರನ್ನು ಕೈಯಿಂದ ಆರಿಸಿ ಕತ್ತರಿಸುವುದೇ ಸರಿಯೆಂದು ತೀರ್ಮಾನಿಸಿದ.

ಕತ್ತರಿಸುವ ಸುದ್ದಿ ಕೇಳಿ, ಕೆಳಗಡೆ ಹೊಲಿಗೆ ಅಂಗಡಿಯ ಶಮಶೇರಸಾಬರು ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಮೇಲೆ ಬಂದರು. ಅವರ ಹಿಂದೆ, ಪಕ್ಕದ ಖಾನಾವಳಿಯ ಭರಮಣ್ಣ ಮಿರ್ಚಿ ಭಜಿಯ ತಟ್ಟೆಯೊಡನೆ ಬಂದ. ಇಬ್ಬರೂ ಕರೆಯದೆ ಬಂದವರು. ಆದ್ದರಿಂದ ಕಳಿಸುವುದು ಕಷ್ಟವಾಯಿತು.

ಭರಮಣ್ಣನ ಅಭಿಪ್ರಾಯದಲ್ಲಿ ತಪ್ಪೆಲ್ಲ ಹಾಡುವ ಮುಂಚೆ ಸಾವ್ಕಾರರಿಗೆ ಶುಂಠಿ ಕಷಾಯ ಕೊಡದೆ ಇದ್ದದ್ದರಲ್ಲಿತ್ತು. ಸಾಬರು ಮಾತ್ರ ಪರದೆಯನ್ನೇ ಗಂಭೀರವಾಗಿ ನೋಡಿ, ಕತ್ತರಿಸಿದ್ದನ್ನು ಎಲ್ಲಿ ಇಟ್ಟಿದ್ದೀಯೆಂದು ಕೇಳಿದರು. ಒಗೆದುಬಿಟ್ಟೆ ಎಂದ ಸಿದ್ದಲಿಂಗೇಶ.

“ತಪ್ಪು ಮಾಡ್ದಿ ತಮ್ಮಾ. ಅಂಗಿ ಹೊಲದ ಮ್ಯಾಲ ಗಿರಾಕಿ ಮೊದಲ ಕೇಳೂದು ಉಳಿದ ಅರಬಿ. ಚಿಂದಿ ಗಂಟು ಕಟ್ಟಿ ಕೈಯಾಗ ಕೊಟ್ರ ನೀ ಖರೇ ಮನಶಾ. ಇಲ್ಲಂದ್ರ ಕಳ್ಳ. ನಾಳೆ ಸಾವ್ಕಾರ ನನ್ನ ಉಸಿರು ಎಲ್ಲಿ ಅಂದ್ರ ಏನ್ ಹೇಳ್ತಿ?”

ಸಾವ್ಕಾರರ ಸ್ವಭಾವ ಬಲ್ಲ ಸಿದ್ದಲಿಂಗೇಶನಿಗೆ ಇದು ಅಸಾಧ್ಯವೆನಿಸಲಿಲ್ಲ. ಕಂಪ್ಯೂಟರಿನ ಕಸದ ಬುಟ್ಟಿಯಿಂದ ಉಸಿರುಗಳನ್ನು ಹೆಕ್ಕಿ ತಂದ. ಪರದೆಯಲ್ಲಿ ಈಗ ಮೂರು ಸಾಲುಗಳಾದವು: ಮೇಲೆ ಉಸಿರಿಲ್ಲದ ಹಾಡು, ನಡುವೆ ತಬಲಾ-ಹಾರ್ಮೋನಿಯಂ ಪೇಟಿ, ಕೆಳಗೆ ಅಚ್ಚುಕಟ್ಟಾಗಿ ಜೋಡಿಸಿಟ್ಟ ಉಸಿರು. ಬೇಡದ ಸಾಲಿನ ಬಾಯಿ ಕಟ್ಟಿಬಿಟ್ಟರೆ ಉಳಿದದ್ದಷ್ಟೇ ಕೇಳುತ್ತದೆ, ಸೀಡಿಗೂ ಅದಷ್ಟೇ ಇಳಿಯುತ್ತದೆ. ಉಸಿರಿನ ಬಾಯಿ ಕಟ್ಟಿ ಹಾಡು ಹಚ್ಚಿದ. ಕಲ್ಲು ಆರಿಸಿದ ಗೋಧಿಯಂತೆ ಸ್ವಚ್ಛವಾಗಿತ್ತು. ಮೊದಲ ಬಾರಿಗೆ ಸಿದ್ದಲಿಂಗೇಶ ತಾನೂ ನೆಮ್ಮದಿಯಿಂದ ಉಸಿರುಬಿಟ್ಟ.

ಅಲ್ಲಿಗೇ ಎದ್ದಿದ್ದರೆ ಈ ಕತೆ ಇರುತ್ತಿರಲಿಲ್ಲ. ಆದರೆ ಭರಮಣ್ಣನಿಗೆ ಒಂದು ಆಸೆ ಹುಟ್ಟಿತು.

“ಸಿದ್ದು, ಬರೇ ಉಸಿರು ಒಂದ ಸಲ ಹಚ್ಚಲೇ. ಮಜಾ ಇರ್ತೈತಿ.”

ಸಿದ್ದಲಿಂಗೇಶ ಹಾಡಿನ ಬಾಯಿ ಕಟ್ಟಿದ, ತಬಲಾ ಪೇಟಿಯ ಬಾಯಿಯನ್ನೂ ಕಟ್ಟಿ, ಉಸಿರಿನ ಬಾಯಿ ಬಿಚ್ಚಿದ. ಕೋಣೆಯ ತುಂಬ ಸಾವ್ಕಾರರು ಬುಸುಗುಟ್ಟಿದರು. ಭರಮಣ್ಣ ನಕ್ಕು ನಕ್ಕು ಮಿರ್ಚಿ ನೆತ್ತಿಗೇರಿಸಿಕೊಂಡ. ಸಾಬರು ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಕೆಳಗೆ ಸಾವ್ಕಾರರ ಜೀಪಿನ ಹಾರ್ನು ಕೇಳಿತು. ಗಡಿಯಾರದಲ್ಲಿ ಎರಡಕ್ಕೆ ಸ್ವಲ್ಪವೇ ಬಾಕಿ. ಸಿದ್ದಲಿಂಗೇಶ ಹೌಹಾರಿ ಸೀಡಿ ತುರುಕಿ ಗುಂಡಿ ಒತ್ತಿದ. ಸೀಡಿ ಹೊರಬಂದದ್ದೂ ಕರೆಂಟು ಹೋದದ್ದೂ ಒಟ್ಟಿಗೇ ಆಯಿತು.

ಸಾವ್ಕಾರ ದಂಪತಿಗಳನ್ನೂ ಸಿದ್ದಲಿಂಗೇಶನನ್ನೂ ಹೊತ್ತ ಜೀಪು ರಾಣೆಬೆನ್ನೂರಿನ ದಾರಿಯಲ್ಲಿ ಕದರಮಂಡಲಗಿಗೆ ಬಂತು. ಸೀಡಿಯನ್ನು ಆಂಜನೇಯನ ಪಾದಕ್ಕೆ ಮುಟ್ಟಿಸದೆ ಮುಂದೆ ಹೋಗುವಂತಿರಲಿಲ್ಲ. ಅರ್ಚಕರು ಅದಕ್ಕೆ ಕುಂಕುಮ ಹಚ್ಚಿ, ಕೆಂಪು ವಸ್ತ್ರದಲ್ಲಿ ಸುತ್ತಿ, ದಾರ ಬಿಗಿದು, ಇನ್ನು ಇದನ್ನು ವೇದಿಕೆಯ ಮೇಲೆ ಮುಖ್ಯ ಅತಿಥಿಗಳೇ ಬಿಚ್ಚಬೇಕೆಂದು ಅಪ್ಪಣೆ ಮಾಡಿದರು. ಬಿಗಿಯುತ್ತಿದ್ದ ದಾರವನ್ನು ನೋಡುತ್ತಿದ್ದಂತೆ, ಗುಂಡಿ ಒತ್ತುವಾಗ ಬಾಯಿ ಕಟ್ಟಿದ್ದು ಯಾವುದರದು, ಬಿಚ್ಚಿದ್ದು ಯಾವುದರದು ಎಂಬುದು ಸಿದ್ದಲಿಂಗೇಶನಿಗೆ ನೆನಪಾಯಿತು.

ಅವನು ಸಾವ್ಕಾರರ ಬಳಿಗೆ ಸರಿದ.

“ಸಾವ್ಕಾರ್ರ, ಜೀಪಿನ್ಯಾಗ ಒಂದ ಸಲ ಹಚ್ಚಿ ಕೇಳೂಣೇನ್ರಿ?”

“ದೇವರ ಮುಂದ ಕಟ್ಟಿದ್ದು ದಾರ್ಯಾಗ ಬಿಚ್ಚತಾರೇನೋ?” ಎಂದು ಗದಿಗೆವ್ವ ಗಂಟನ್ನು ಮಡಿಲಲ್ಲಿಟ್ಟುಕೊಂಡು ಸೆರಗು ಮುಚ್ಚಿದರು. ಅಲ್ಲಿಂದ ರಾಣೆಬೆನ್ನೂರಿನವರೆಗೂ ಸಿದ್ದಲಿಂಗೇಶ ಆ ಸೆರಗನ್ನೇ ನೋಡುತ್ತ ಕುಳಿತ. ನೋಡುತ್ತಿರುವುದನ್ನು ಗದಿಗೆವ್ವ ನೋಡಿದ ಮೇಲೆ ಕಿಟಕಿಯಾಚೆ ನೋಡಿದ.

ಸಭಾಭವನ ತುಂಬಿತ್ತು. ಮುಂದಿನ ಸಾಲಿನಲ್ಲಿ ಬೀಗರು. ಮುಖ್ಯ ಅತಿಥಿಗಳು ಆ ಊರಿನಲ್ಲಿ ಮುಂಜಾನೆಯ ಪ್ರಾಣಾಯಾಮ ಶಿಬಿರ ನಡೆಸುತ್ತಿದ್ದ ಆನಂದತೀರ್ಥರು. ಸಿದ್ದಲಿಂಗೇಶ ವೇದಿಕೆಯ ಹಿಂದೆ ನುಸುಳಿ ಸ್ಪೀಕರಿನ ತಂತಿಯನ್ನು ಕಿತ್ತ. ಮೈಕಿನ ಅಬ್ದುಲರಜಾಕ ಬಂದು, ಇಲಿಗಳ ಕಾಟ ಹೆಚ್ಚಾಗಿದೆಯೆಂದು ಗೊಣಗುತ್ತ ಮತ್ತೆ ಜೋಡಿಸಿದ್ದಲ್ಲದೆ, ಸದ್ದನ್ನು ಒಂದಿಷ್ಟು ಏರಿಸಿ ಹೋದ.

ದಾರ ಬಿಚ್ಚಿತು. ಚಪ್ಪಾಳೆ ಬಿತ್ತು. ಸೀಡಿ ತಿರುಗಿತು.

‘ಹುಸ್ಸ್.’

ಕೊಂಚ ಮೌನ. ಮತ್ತೆ ಉದ್ದನೆಯ ಒಂದು ‘ಹೂಂಸ್’. ಆಮೇಲೆ ಚರಣದ ಜಾಗದಲ್ಲಿ ಮೂರು ತುಂಡು ಉಸಿರು. ನಿಜಲಿಂಗಪ್ಪನವರ ಮುಖ ಒಣಗಿದ ಬ್ಯಾಡಗಿ ಕಾಯಿಯಂತೆ ಕೆಂಪಾಗಿ ಸುಕ್ಕುಗಟ್ಟಿತು. ಗದಿಗೆವ್ವ ತಲೆ ತಗ್ಗಿಸಿದರು. ಬೀಗರು ಪರಸ್ಪರ ನೋಡಿಕೊಂಡರು. ಸಿದ್ದಲಿಂಗೇಶ ಕಂಬದ ಮರೆಯಲ್ಲಿ ನಿಂತು, ತನ್ನ ಕೋಣೆಯ ಮೆಟ್ಟಿಲು ಹತ್ತುತ್ತಿರುವ ಮೆಣಸಿನಕಾಯಿ ಚೀಲಗಳನ್ನು ಮನಸ್ಸಿನಲ್ಲೇ ಎಣಿಸತೊಡಗಿದ.

ಆಗ ಆನಂದತೀರ್ಥರು ಕುರ್ಚಿಯ ಮೇಲೆ ಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿದರು. ಸೀಡಿ ಉಸಿರೆಳೆದಾಗ ಅವರೂ ಎಳೆದರು. ಅದು ಸುಮ್ಮನಾದಾಗ ಹಿಡಿದು ಕುಳಿತರು. ಸಭೆಯಲ್ಲಿದ್ದ ಅವರ ಶಿಬಿರದವರೆಲ್ಲ ಹಾಗೆಯೇ ಮಾಡಿದರು. ಶಿಬಿರದವರನ್ನು ನೋಡಿ ಬೀಗರೂ ಮಾಡಿದರು. ಸೀಡಿ ಮುಗಿಯುವವರೆಗೆ ಇಡೀ ಸಭಾಭವನ ಒಂದೇ ಎದೆಯಾಗಿ ಏರಿ ಇಳಿಯಿತು.

ಆನಂದತೀರ್ಥರು ಕಣ್ಣು ತೆರೆದಾಗ ಅವು ಒದ್ದೆಯಾಗಿದ್ದವು.

“ಹನುಮಪ್ಪ ಅಂದ್ರ ವಾಯುಪುತ್ರ. ಅವಗ ಎಲ್ಲಾರೂ ಹಾಡಿಲೇ ಸೇವಾ ಮಾಡ್ತಾರ. ನಿಜಲಿಂಗಪ್ಪನವರು ವಾಯುವಿನಿಂದನ ಸೇವಾ ಮಾಡ್ಯಾರ. ಒಂದು ಅಕ್ಷರ ಹೆಚ್ಚಿಗಿ ಇಲ್ಲ ನೋಡ್ರಿ.”

ಸಾವ್ಕಾರರು ವ್ಯಾಪಾರಸ್ಥರು, ಏರುವ ದರವನ್ನು ಗುರುತಿಸುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಎದ್ದು ನಿಂತು ಕೈಮುಗಿದು, “ಭಾಳ ವರ್ಷದ ಸಾಧನಾರಿ,” ಎಂದರು. ಬೀಗರು ಮೇಲೆ ಬಂದು ಶಾಲು ಹೊದಿಸಿದರು.

ಮರಳುವ ದಾರಿಯಲ್ಲಿ ಜೀಪಿನೊಳಗೆ ಹಬ್ಬದ ವಾತಾವರಣವಿತ್ತು. ಕಂಪ್ಯೂಟರಿನಲ್ಲಿ ಉಳಿದಿರುವ ಹಾಡುಗಳೂ ನಿಜಕ್ಕೂ ಸ್ವಚ್ಛವಾಗಿ ಬಂದಿವೆ, ಒಮ್ಮೆ ಕೇಳಬಹುದು ಎಂದು ಸಿದ್ದಲಿಂಗೇಶ ಅಳುಕುತ್ತ ಸೂಚಿಸಿದ.

“ಹಾಡು ಯಾರರ ಹಾಡ್ತಾರ ಬಿಡೋ,” ಎಂದು ಸಾವ್ಕಾರರು ಶಾಲು ಸರಿಮಾಡಿಕೊಂಡು, ಅವನ ಬೆನ್ನು ತಟ್ಟಿದರು. “ನಿನ್ನ ಕೋಣಿ ಚಿಂತಿ ಬಿಡು. ಇನ್ನ ಅಲ್ಲಿ ಚೀಲ ಇಡಂಗಿಲ್ಲ.”

ಸಿದ್ದಲಿಂಗೇಶನ ಕಣ್ಣು ತುಂಬಿತು. ಕದರಮಂಡಲಗಿಯ ದಿಕ್ಕಿಗೆ ಕೈಮುಗಿದ.

“ನಾಳೆ ಮುಂಜಾನಿಂದ ಅಲ್ಲಿ ಪ್ರಾಣಾಯಾಮ,” ಎಂದು ಸಾವ್ಕಾರರು ಮುಂದುವರಿಸಿದರು. “ಆನಂದತೀರ್ಥರಿಗೆ ಮಾತು ಕೊಟ್ಟೇನಿ. ಗ್ವಾಡಿಗೆ ನೀ ಬಡದ ಕೌದಿ ಹಂಗ ಇರ್ಲಿ. ಒಳಗ ಪಿಟ್ ಅನ್ನೂದು ಸೈತ ಬರಂಗಿಲ್ಲ, ಶ್ವಾಸಕ್ಕ ಅಂಥಾ ಜಾಗಾ ಬೇಕು.”

“ಮತ್ತ ನಾನ್ರಿ?”

“ನಿನ್ನ ಬಿಡತೇವೇನೋ? ಕೆಳಗ ಗೋದಾಮಿನ್ಯಾಗ ಒಂದ ಮೂಲಿ ಖಾಲಿ ಮಾಡಸ್ತೇನಿ.”

ಮರುದಿನ ಬೆಳಗ್ಗೆ ಮೇಲಿನ ಕೋಣೆಯಲ್ಲಿ ಊರ ಗಣ್ಯರು ಕಣ್ಣು ಮುಚ್ಚಿ ಕುಳಿತಿದ್ದರು. ಕೆಳಗೆ, ಮೆಣಸಿನಕಾಯಿ ಚೀಲಗಳ ನಡುವೆ ಸಿದ್ದಲಿಂಗೇಶ ಕಂಪ್ಯೂಟರಿನ ತಂತಿ ಜೋಡಿಸುತ್ತಿದ್ದ. ಕಣ್ಣು ಮೂಗು ಸುರಿಯುತ್ತಿದ್ದವು. ಎದೆ ಆಗಲೇ ತಿದಿಯಾಗಿತ್ತು. ಬಾಗಿಲಲ್ಲಿ ಶಮಶೇರಸಾಬರು ಬಂದು, ಹೇಳಲೋ ಬೇಡವೋ ಎಂಬಂತೆ ಟೇಪನ್ನು ಬೆರಳಿಗೆ ಸುತ್ತುತ್ತ ನಿಂತರು.

“ತಮ್ಮಾ, ಸಾವ್ಕಾರ್ರು ಹೇಳಿ ಕಳಿಸ್ಯಾರ. ನಿನ್ನ ಉಸಿರು ಮ್ಯಾಲಿನ ತನಕ ಕೇಳಸಾಕತ್ತೈತಂತ. ಒಂದೀಟು ಕಡಿಮಿ ಮಾಡಬೇಕಂತ.”